ಎಡಕ್ಕೆ ಮೂರು, ಬಲಕ್ಕೆ ಏಳು

ಬೆಳಗಿನ ಐದೂವರೆ. ಅಖ್ತರ್ ಬೇಗಂ ಅಡುಗೆಮನೆಯ ನೆಲದ ಮೇಲೆ ಕೂತು ಗಾಲಿಕುರ್ಚಿಯ ಟೈರಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದಾರೆ. ಒಲೆಯ ಮೇಲೆ ಓಟ್ಸ್ ಗಂಜಿ ಕುದಿಯುತ್ತಿದೆ. ಕಿಟಕಿಯಾಚೆ ಬೆಟ್ಟವಿದೆ ಎಂಬುದು ನಿನ್ನೆ ನೋಡಿದ್ದರಿಂದ ಗೊತ್ತು. ಈಗ ಬರೀ ಮೋಡ. ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಇವತ್ತು ತಪ್ಪು ಮಾಡಂಗಿಲ್ಲಪ್ಪ. ನಾಳೆ ಫ್ಲೈಟು" ಎನ್ನುತ್ತಾರೆ.

ಇದು ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಪ್ಯಾಟ್ರಿಕ್ ಸಂತನ ಬೆಟ್ಟದ ಬುಡದ ಒಂದು ಹಳ್ಳಿ. ಮನೆ ನಲವತ್ತು, ಅಂಗಡಿ ಒಂದು. ಅಂಚೆಯೂ ಅಲ್ಲೇ, ಬೆಟ್ಟ ಹತ್ತುವವರ ಊರುಗೋಲೂ ಅಲ್ಲೇ. ಜುಲೈ ಕೊನೆಯ ಭಾನುವಾರ ಸಾವಿರಾರು ಜನ, ಕೆಲವರು ಬರಿಗಾಲಲ್ಲಿ, ಬೆಟ್ಟ ಹತ್ತುತ್ತಾರೆ. ಮಿಕ್ಕ ದಿನ ಕುರಿಗಳದೇ ರಾಜ್ಯ. ಊರಿನ ಹೆಸರು ಬೇಡ ಎಂದು ಅಖ್ತರ್ ಬೇಗಂ ಇಳಿದುಕೊಂಡಿರುವ ಮನೆಯವರು ಕೇಳಿಕೊಂಡಿದ್ದಾರೆ. ನಾನೂ ಬೆಟ್ಟಕ್ಕೆಂದೇ ಬಂದವನು. ಅರ್ಧಕ್ಕೇ ಮೊಣಕಾಲು ಹಿಡಿದುಕೊಂಡು ಇಳಿದೆ. ಅಮೆರಿಕದಲ್ಲಿ, ವಾಷಿಂಗ್ಟನ್ ಬಳಿಯ ಶ್ಯಾಂಟಿಲಿಯಲ್ಲಿ ನನ್ನ ಜೊತೆ ಕೆಲಸ ಮಾಡುವ, ಅಖ್ತರ್ ಬೇಗಂ ಅವರ ಮಗಳು ನಿದಾ, "ಅಮ್ಮಿ ಅಲ್ಲೇ ಇದಾರೆ, ಮೀಟ್ ಮಾಡಿ ಬನ್ನಿ" ಎಂದು ಹೇಳಿ ಕಳಿಸಿದ್ದರು. ಬೆಟ್ಟ ದಕ್ಕದಿದ್ದರೂ ಅಮ್ಮಿ ಸಿಕ್ಕರು.

ಅಖ್ತರ್ ಬೇಗಂ ಅವರಿಗೆ ಈಗ ಅರವತ್ತೊಂದು. ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿದ್ದವರು. ಮಗಳು ಅಮೆರಿಕಕ್ಕೆ ಕರೆಸಿಕೊಂಡ ಮೇಲೆ ಎರಡು ತಿಂಗಳು ಸುಮ್ಮನೆ ಕೂತರು. "ಸೋಫಾ ಮೇಲೆ ಕೂತೂ ಕೂತೂ ಸೊಂಟ ಹಿಡ್ಕೊಂಡ್ತು. ಕೆಲ್ಸ ಮಾಡೋವಾಗ ಯಾವತ್ತೂ ಹಿಡ್ದಿರ್ಲಿಲ್ಲ" ಎಂದು ನಗುತ್ತಾರೆ. ವೃದ್ಧರ ಆರೈಕೆಯ ತರಬೇತಿ ಮುಗಿಸಿದರು, ಮೂರು ಸಲ ಫೇಲಾಗಿ ನಾಲ್ಕನೇ ಸಲ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡರು. ಐದು ವರ್ಷದಿಂದ ಒಬ್ಬರನ್ನೇ ನೋಡಿಕೊಳ್ಳುತ್ತಿದ್ದಾರೆ: ನೋರಾ, ತೊಂಬತ್ತು ವರ್ಷ, ನಲವತ್ತಾರು ಕಿಲೋ, ಕಣ್ಣು ಪೂರಾ ಮಂಜು. ದಿನಕ್ಕೆ ಹನ್ನೊಂದು ಮಾತ್ರೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಾತ್‌ರೂಮಿಗೆ ಎಂದು ಆರೇಳು ಸಲ ಎತ್ತಿ ಕೂರಿಸಬೇಕು.

೨೦೨೦ರಲ್ಲಿ ಸೋಂಕು ಹಬ್ಬಿದಾಗ, ಮನೆಗೆ ಹೋಗಿ ಬಂದರೆ ಮುದುಕಿಗೆ ಅಂಟೀತೆಂದು, ಹನ್ನೊಂದು ವಾರ ನೋರಾ ಮನೆಯಲ್ಲೇ ಉಳಿದರು. ಮಗಳ ಮನೆ ಆರು ಮೈಲಿ. ಆ ವರ್ಷದ ಈದ್ ದಿನ ನಿದಾ ಡ್ರೈವ್‌ವೇಯಲ್ಲಿ ಬಿರಿಯಾನಿ ಡಬ್ಬಿ ಇಟ್ಟು, ದೂರದಿಂದಲೇ ಕೈಬೀಸಿ ಹೋದರು. "ಡಬ್ಬಿ ಬಿಸಿ ಇತ್ತು. ತಬ್ಕೊಂಡು ಅತ್ತೆ" ಎನ್ನುತ್ತಾರೆ ಅಖ್ತರ್ ಬೇಗಂ. ಇಂಥವರಿಗೆ ಸನ್ಮಾನ, ಶಾಲು, ಹಾರ ಯಾವುದೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಈ ಊರಿಗೆ ಬಂದದ್ದು ನೋರಾ ಹರಕೆಗಾಗಿ. ಊರಾಚೆ ಒಂದು ಪವಿತ್ರ ಬಾವಿ ಇದೆ. ಪ್ರಾರ್ಥನೆ ಹೇಳುತ್ತಾ ಅದನ್ನು ಏಳು ಸುತ್ತು ಬರಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಹುಟ್ಟಿದ ಈ ಊರು ಬಿಟ್ಟು ವಾಷಿಂಗ್ಟನ್ನಿಗೆ ಹೊರಟಾಗ, ಕಾಯಿಲೆಯಲ್ಲಿದ್ದ ತಾಯಿಯ ಹೆಸರಲ್ಲಿ ಸುತ್ತುತ್ತೇನೆಂದು ನೋರಾ ಮಾತು ಕೊಟ್ಟಿದ್ದರು. ಆಮೇಲೆ ಎರಡು ಸಲ ಬಂದರೂ ಮುಂದಿನ ಸಲ ನೋಡೋಣ ಎಂದುಕೊಂಡೇ ಹೋದರು. ಇನ್ನು ಮುಂದಿನ ಸಲವಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ಎಡವಟ್ಟಾದದ್ದು ನಿನ್ನೆ. ಬಾವಿಯನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು, ನಮ್ಮ ಪ್ರದಕ್ಷಿಣೆಯ ಹಾಗೆ. ಎಡಕ್ಕಿಟ್ಟುಕೊಂಡು ಸುತ್ತುವುದು ಯಾರಿಗಾದರೂ ಶಾಪ ಹಾಕುವಾಗ ಮಾತ್ರ ಎಂಬುದು ಊರಿನ ನಂಬಿಕೆ. ಅಖ್ತರ್ ಬೇಗಂ ಮೂರು ಸುತ್ತು ಕುರ್ಚಿ ತಳ್ಳಿದ್ದು ಎಡಕ್ಕೆ. ನೋರಾಗೆ ಕಣ್ಣು ಕಾಣದು, ಗೊತ್ತಾಗಲಿಲ್ಲ. ಅಂಗಡಿಯ ಬ್ರೈಡಿ ನೋಡಿ ಓಡಿಬಂದು ತಡೆದರು. ನೋರಾ ಮಗುವಿನ ಹಾಗೆ ಅತ್ತರು.

"ಮಕ್ಕಾದಲ್ಲಿ ನಮ್ಮಮ್ಮೀನ ವೀಲ್‌ಚೇರಲ್ಲಿ ಕೂರ್ಸಿ ತಳ್ಳಿದ್ದೆ. ಅಲ್ಲಿ ಕಾಬಾ ಎಡಗಡೆ ಇರ್ಬೇಕು. ಯೋಚ್ನೆನೇ ಮಾಡ್ಲಿಲ್ಲ, ಕೈ ತಾನಾಗೇ ಆ ಕಡೆ ಹೋಯ್ತು. ಮಿಸ್ ನೋರಾಗೆ ಅದನ್ನೇ ಹೇಳಿ ಸಾರಿ ಕೇಳ್ದೆ. ಅವರು ಮುಖ ತಿರುಗ್ಸ್ಕೊಂಡ್ರು." ರಾತ್ರಿಯ ಊಟವನ್ನೂ ನೋರಾ ಮುಟ್ಟಲಿಲ್ಲವಂತೆ. ಬ್ರೈಡಿ ಪರಿಹಾರ ಹೇಳಿದ್ದಾರೆ: ಮೊದಲು ಬಲಕ್ಕೆ ಮೂರು ಸುತ್ತಿ ತಪ್ಪನ್ನು ಬಿಚ್ಚಬೇಕು, ಆಮೇಲೆ ಏಳು. ಒಟ್ಟು ಹತ್ತು.

ಏಳು ಗಂಟೆಗೆ ಬಾವಿಯ ಬಳಿ ಇದ್ದೇವೆ. ಲೆಕ್ಕ ತಪ್ಪದಿರಲೆಂದು ಇಲ್ಲಿಯವರು ಕೈಯಲ್ಲಿ ಕಲ್ಲು ಹಿಡಿಯುತ್ತಾರೆ, ಸುತ್ತಿಗೊಂದು ಕೆಳಗಿಡುವುದು. ಅಖ್ತರ್ ಬೇಗಂ ಹತ್ತು ಕಲ್ಲು ಆರಿಸಿ ನೋರಾ ಕೋಟಿನ ಜೇಬಿಗೆ ಹಾಕುತ್ತಾರೆ. ತಮ್ಮ ಶೂ ಕಳಚಿ ಬದಿಗಿಡುತ್ತಾರೆ. ರಾತ್ರಿ ಮಳೆ ಬಂದು ನೆಲ ಕೆಸರು, ನಾಲ್ಕನೇ ಸುತ್ತಿಗೆ ಚಕ್ರ ಹೂತುಕೊಳ್ಳುತ್ತದೆ. ನಾನು ಕೈ ಹಾಕಲು ಹೋದರೆ, "ನೀನು ಬರ್ಕೊ. ಬ್ಯಾಲೆನ್ಸ್ ತಪ್ಪಿದ್ರೆ ಬಿದ್ದೋಗ್ತಾರೆ. ನನ್ನ ಕೈಲಿ ಇವತ್ತಿನವರ್ಗೂ ಯಾರೂ ಬಿದ್ದಿಲ್ಲ" ಎಂದು ಬೈಯುತ್ತಾರೆ. ಬ್ರೈಡಿ ಅಂಗಡಿಯಿಂದ ಹಲಗೆ ತಂದು ಹಾಸುತ್ತಾರೆ.

ಏಳನೆಯದಕ್ಕೆ ನೋರಾ ಕೈ ಎತ್ತಿ ನಿಲ್ಲಿಸುತ್ತಾರೆ. ಇದನ್ನು ನಡೆದೇ ಮುಗಿಸಬೇಕಂತೆ. ಅಖ್ತರ್ ಬೇಗಂ ನೋರಾ ಅವರ ಶೂ, ಕಾಲುಚೀಲ ಬಿಚ್ಚಿ, ಎರಡೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸುತ್ತಾರೆ. ಹೆಜ್ಜೆಗೊಮ್ಮೆ ನಿಂತು, ಹದಿನೆಂಟು ನಿಮಿಷದಲ್ಲಿ ಒಂದು ಸುತ್ತು. ಕುರ್ಚಿಯಲ್ಲಿ ಕೂತ ಮೇಲೆ ನೋರಾ ಏಳನೇ ಕಲ್ಲನ್ನು ಕೆಳಗಿಟ್ಟು, ಮುಗಿಯಿತು ಎನ್ನುತ್ತಾರೆ.

ಇನ್ನೂ ಮೂರು ಬಾಕಿ, ಮೊದಲಿನ ಮೂರು ತಪ್ಪು ಬಿಚ್ಚಲಿಕ್ಕೇ ಹೋಯಿತಲ್ಲ ಎಂದು ಬ್ರೈಡಿ ನೆನಪಿಸುತ್ತಾರೆ. ನೋರಾ ತಲೆಯಾಡಿಸುತ್ತಾರೆ. "ಬಿಚ್ಚುವುದೇನೂ ಇಲ್ಲ. ಏಳೂ ನನ್ನ ತಾಯಿಯವು. ನಿನ್ನೆಯ ಮೂರು ಇವಳ ತಾಯಿಯವು, ಆಕೆಗೆ ಅದೇ ಸರಿಯಾದ ದಿಕ್ಕು." ಜೇಬಲ್ಲಿ ಉಳಿದ ಮೂರು ಕಲ್ಲನ್ನು ತಡವರಿಸಿ ಹುಡುಕಿ ಅಖ್ತರ್ ಬೇಗಂ ಅವರ ಕೈಗಿಡುತ್ತಾರೆ.

ಮನೆಗೆ ಬಂದು, ಮಾತ್ರೆ ನುಂಗಿಸಿ, ನೋರಾ ಕಾಲಿನ ಕೆಸರನ್ನು ಬಿಸಿನೀರಲ್ಲಿ ತೊಳೆದ ಮೇಲೆಯೇ ಅಖ್ತರ್ ಬೇಗಂ ಟೀ ಲೋಟ ಹಿಡಿದು ಕೂರುತ್ತಾರೆ. ಕಲ್ಲುಗಳು ಸ್ವೆಟರ್ ಜೇಬಿನಲ್ಲಿವೆ. ಅವನ್ನೇನು ಮಾಡುತ್ತೀರಿ ಆಂಟಿ, ಎಂದು ಕೇಳುತ್ತೇನೆ.

"ಶ್ಯಾಂಟಿಲಿಗೆ ತಗೊಂಡೋಗ್ತೀನಿ. ಇಲ್ಲಿನ ಸುತ್ತು ಮಕ್ಕಾದ ಸುತ್ತಿಗೆ ಸೇರಲ್ಲ ಅಂತ ನಂಗೂ ಗೊತ್ತಪ್ಪ" ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. "ಆದ್ರೆ ಇಷ್ಟು ವರ್ಷದಲ್ಲಿ ನಾನು ನೋಡ್ಕೊಂಡವರು ಯಾರೂ ನಮ್ಮಮ್ಮಿ ಹೆಸರಲ್ಲಿ ಏನೂ ಕೊಟ್ಟಿರ್ಲಿಲ್ಲ."