ಮೂರು ಹಿಡಿ ರಾಗಿ ಹಿಟ್ಟು

ಮುನಿರಾಜ, ಆ ಕಾರಿನ ರೇಡಿಯೇಟರಿಗೆ ರಾಗಿ ಹಿಟ್ಟು ಹಾಕಿದವಳು ನಾನು. ನಿನ್ನ ರಿಪೇರಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಹನ್ನೊಂದು ವರ್ಷದಿಂದ ಗಂಟಲಲ್ಲೇ ಉಳಿದ ಮಾತು ಇದು. ಹಿಟ್ಟು ಹಾಕಿದ್ದಕ್ಕೆ ನನಗೆ ನಾಚಿಕೆಯಿಲ್ಲ — ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಚಿಕೆ ಇರುವುದು ಬೇರೆಯದಕ್ಕೆ.

ಕಾರು ಭಾವನದು, ನನ್ನ ಗಂಡನ ಅಣ್ಣನದು. ಅಂಚೆಟ್ಟಿಯ ಕಾಡಿನ ಏರಿನಲ್ಲಿ ಇಂಜಿನ್ ಕಾದು, ಆವಿ ಎದ್ದು ನಿಂತುಬಿಟ್ಟಾಗ ಭಾವ ನಿನ್ನನ್ನು ಕರೆಸಿದರು. ನೀನು ವಾರವೆಲ್ಲ ಹೊಸೂರಿನ ಫ್ಯಾಕ್ಟರಿಯಲ್ಲಿ ಇಂಜಿನ್ ಜೋಡಿಸಿ ಭಾನುವಾರ ಊರಿಗೆ ಬರುತ್ತಿದ್ದೆ. ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ಹಾಕಬೇಕೆಂದು ರಸ್ತೆ ಪಕ್ಕದಲ್ಲಿ ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿಯೂ ಆಗಿತ್ತು. ನಮ್ಮ ಕಾರೇ ನಿನ್ನ ಮೊದಲ ಕೆಲಸ.

ಎರಡು ಭಾನುವಾರ ನಮ್ಮ ಅಂಗಳದಲ್ಲಿ ಕೂತು ಮಾಡಿದೆ. ಬಿಚ್ಚಿದ ಬೋಲ್ಟುಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಿದ್ದೆ. ಕಾದು ಸೊಟ್ಟಗಾಗಿದ್ದ ಇಂಜಿನ್ನಿನ ಹೆಡ್ಡನ್ನು ಹೊಸೂರಿಗೆ ಒಯ್ದು ಮಟ್ಟ ಮಾಡಿಸಿ ತಂದೆ, ಹೊಸ ಗ್ಯಾಸ್ಕೆಟ್ ಕೂರಿಸಿದೆ. ಅವರೆಕಾಯಿ ಸುಲಿಯುತ್ತ ನಾನು ನೋಡುತ್ತಿದ್ದೆ. ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಮೂರು ಸುತ್ತಿನಲ್ಲಿ ಬಿಗಿಮಾಡಬೇಕು ಎಂದು ನೀನು ಹೇಳಿಕೊಟ್ಟಿದ್ದು ನನಗೆ ಇನ್ನೂ ನೆನಪಿದೆ. ಆ ಮನೆಯಲ್ಲಿ ಇಂಜಿನ್ನಿನ ವಿಷಯ ನನಗೆ ಹೇಳಿದವನು ನೀನೊಬ್ಬನೇ.

ಯಾಕೆಂದರೆ ಹೆಂಗಸರು ಆ ಕಾರನ್ನು ತೊಳೆಯಬಹುದಿತ್ತು, ಶುಕ್ರವಾರ ಕುಂಕುಮ ಇಡಬಹುದಿತ್ತು, ಸ್ಟೀರಿಂಗ್ ಮುಟ್ಟಬಾರದಿತ್ತು. ಅದು ಭಾವನ ಕಾನೂನು. ನಾನು ಡೆಂಕಣಿಕೋಟೆಗೆ ತರಕಾರಿ ಮಾರಲು ಹೋದ ದಿನಗಳಲ್ಲಿ ಕದ್ದು ಡ್ರೈವಿಂಗ್ ಕಲಿತಿದ್ದೆ, ಗಂಡನಿಗೂ ಹೇಳದೆ. ನೀನು ರಿಪೇರಿ ಮುಗಿಸಿದ ಮೂರನೆಯ ದಿನವೇ ಹೊಸೂರಿನಲ್ಲಿ ನನ್ನ ಲೈಸೆನ್ಸ್ ಟೆಸ್ಟ್ ಇತ್ತು. ಮನೆಯವರೆಲ್ಲ ಹಿಂದಿನ ದಿನವೇ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋಗಿದ್ದರು. ಬೆಳಗಿನ ಬಸ್ಸು ಬರಲಿಲ್ಲ. ನಮ್ಮದು ಊರಾಚೆಯ ಹೊಲದ ಮನೆ, ನೋಡುವವರಿಲ್ಲ — ಕಾರಿನ ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆದುಕೊಂಡೆ. ಯಾರಾದರೂ ಕೇಳಿದರೆ ಮಿಲ್ಲಿಗೆ ಹೋಗಿದ್ದೆ ಎನ್ನಲು ರಾಗಿ ಚೀಲವನ್ನೂ ಹಾಕಿಕೊಂಡೆ.

ಟೆಸ್ಟ್ ಪಾಸಾಯಿತು. ಡೆಂಕಣಿಕೋಟೆಯಲ್ಲಿ ರಾಗಿ ಬೀಸಿಸಿಕೊಂಡು ಹಾಡಿಕೊಂಡು ಬರುತ್ತಿದ್ದೆ. ಕಾಡಿನ ತಿರುವಿನಲ್ಲಿ ಎರಡು ಆನೆ ನಿಂತಿದ್ದವು. ಗಾಬರಿಯಲ್ಲಿ ಗಾಡಿಯನ್ನು ಪಕ್ಕದ ಬಂಡಿಜಾಡಿಗೆ ತಿರುಗಿಸಿದೆ, ಕೆಳಗೆ ಕಲ್ಲು ಬಡಿಯಿತು. ಆನೆಗಳ ಮೇಲೆ ತಪ್ಪು ಹಾಕುವುದಿಲ್ಲ, ಅವು ಅವುಗಳ ಪಾಡಿಗೆ ನಿಂತಿದ್ದವು. ಸ್ವಲ್ಪ ದೂರ ಬರುವಷ್ಟರಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರಿತು, ರೇಡಿಯೇಟರಿನ ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅರಿಶಿನ ಹಾಕಿದರೆ ತೂತು ಮುಚ್ಚುತ್ತದೆಂದು ಲಾರಿಯವರು ಹೇಳಿದ್ದನ್ನು ಕೇಳಿದ್ದೆ. ಅರಿಶಿನ ಇರಲಿಲ್ಲ, ರಾಗಿ ಹಿಟ್ಟಿತ್ತು. ಇಂಜಿನ್ ಆರುವ ತನಕ ಕಾದು, ಸೆರಗಿನಲ್ಲಿ ಮುಚ್ಚಳ ತಿರುಗಿಸಿ ಮೂರು ಹಿಡಿ ಹಾಕಿದೆ, ಕ್ಯಾನಿನ ನೀರು ಸುರಿದೆ. ಸೋರುವುದು ನಿಂತಿತು! ಮನೆಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ಅದೇ ಮೊಳೆಗೆ ನೇತುಹಾಕಿದೆ.

ಭಾವ ಆ ರಾತ್ರಿ ಮರಳಿ, ಮಾರನೆಯ ದಿನ ಕಾರಿನಲ್ಲಿ ಮದುವೆಗೆಂದು ಹೊರಟರು. ಅದೇ ಏರಿನಲ್ಲಿ ಇಂಜಿನ್ ಮತ್ತೆ ಕುದಿಯಿತು — ಈ ಸಲ ಹೆಡ್ಡೇ ಸೀಳಿಹೋಯಿತು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಅಂಗಳಕ್ಕೆ ಎಳೆದು ತಂದರು, ಭಾನುವಾರ ನೀನು ಊರಿಗೆ ಬಂದಾಗ ಕರೆಸಿದರು. ನೀನು ಕೆಳಗಿನ ಪೈಪ್ ಬಿಚ್ಚಿದೆ. ನೀರಿನ ದಾರಿ ಕಟ್ಟಿದ್ದ ಕಂದು ಗಂಜಿ ಧೊಪ್ಪೆಂದು ಬಿತ್ತು.

"ತುಕ್ಕು ನೋಡ್ರಲಾ, ತುಕ್ಕು! ಒಳಗೆಲ್ಲ ಕೊಳೆಸ್ಬುಟ್ಟವ್ನೆ," ಎಂದು ಭಾವ ನೆರೆದವರಿಗೆ ದೂರದಿಂದಲೇ ಕೂಗಿದರು.

ನೀನು ಅದನ್ನು ಬೆರಳಲ್ಲಿ ಉಜ್ಜಿದೆ. ಮೂಸಿದೆ. ರಾಗಿ ತಿಂದು ಬೆಳೆದವನು — ನಿನಗೆ ಗೊತ್ತಾಗದೆ ಇರುತ್ತದೆಯೇ? ತಲೆಯೆತ್ತಿ ನೇರವಾಗಿ ನನ್ನನ್ನೇ ಕೇಳಿದೆ: "ಅಕ್ಕಾ, ಇದ್ರೊಳಕ್ಕೆ ಯಾರಾನ ಏನಾನ ಹಾಕಿದ್ರಾ?"

"ಇಲ್ಲ ಕಣಪ್ಪ, ಯಾರೂ ಮುಟ್ಟಿಲ್ಲ," ಅಂದೆ.

ನೀನು ಕೈ ಒರೆಸಿಕೊಂಡೆ. "ಬೋಲ್ಟ್ ತಿರುಗ್ಸೋನ್ಗೆ ಮೆಕ್ಯಾನಿಕ್ ಕೆಲ್ಸ ಯಾಕ್ಲಾ? ಓಗ್ಲಾ, ಓಗಿ ಫ್ಯಾಕ್ಟರೀಲೇ ಬಿದ್ದಿರು," ಎಂದು ಭಾವ ಹತ್ತು ಜನರ ಮುಂದೆ ನಿನಗೆ ಹೇಳಿದರು. ಆಮೇಲೆ ನಿನ್ನ ಶೀಟಿನ ಕೆಳಗೆ ಒಂದು ಸೈಕಲ್ಲೂ ಬಂದು ನಿಲ್ಲಲಿಲ್ಲ. ಒಂದು ದಿನ ನೋಡಿದರೆ ಕಂಬಗಳೂ ಇರಲಿಲ್ಲ.

ಭಯವಾಗಿತ್ತು ಎಂದು ಬರೆಯಲು ಹೊರಟೆ — ಹೊಡೆದುಹಾಕಿದೆ. ಭಯವಲ್ಲ. ಲೈಸೆನ್ಸ್ ಇನ್ನೂ ಅಂಚೆಯಲ್ಲಿ ಬರಬೇಕಿತ್ತು, ಬರುವ ತನಕ ಗುಟ್ಟು ಉಳಿಯಬೇಕಿತ್ತು. ನಿನ್ನ ಹೆಸರಿಗಿಂತ ಅದೇ ನನಗೆ ದೊಡ್ಡದಾಯಿತು. ಸರಿ, ಬಂದ ಮೇಲಾದರೂ... ಬಂದ ಮೇಲೂ ಹೇಳಲಿಲ್ಲ. ಭಾವನೊಡನೆ ಜಗಳವಾಡಿ ಗಾಡಿ ಓಡಿಸುವ ಧೈರ್ಯ ಬಂತು, ನಿನ್ನ ಮುಂದೆ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಇಂಥ ಧೈರ್ಯವನ್ನು ಏನೆಂದು ಕರೆಯಲಿ?

ಕಾರು ತೆಗೆದುಕೊಂಡು ಹೋದದ್ದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ನಾಳೆ ಅದೇ ಬಸ್ಸು ಬಾರದಿದ್ದರೂ ಅದೇ ಬೀಗದ ಕೈ ತೆಗೆಯುತ್ತೇನೆ. ಆದರೆ ಹೋದ ವಾರ ನಮ್ಮ ಮನೆಯ ನಾಮಕರಣದಲ್ಲಿ ಭಾವ "ಮುನಿರಾಜನ ರಿಪೇರಿ" ಕಥೆಯನ್ನು ಇನ್ನೊಮ್ಮೆ ಹೇಳಿದರು. ಪಂಕ್ತಿಯಲ್ಲಿ ನಿನ್ನ ಹೆಂಡತಿ ಇದ್ದಳು. ಎಲ್ಲರೂ ನಗುವಾಗ ಅವಳು ಎಲೆ ನೋಡುತ್ತ ಅನ್ನ ಕಲಸುತ್ತಲೇ ಇದ್ದಳು. ನಾನು ನಗಲಿಲ್ಲ, ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದೆ.

"ಓದದ್ದು ಓಯ್ತು, ಈಗ್ಯಾಕ್ ಕೆದಕ್ತೀಯೆ," ಎನ್ನುತ್ತಾನೆ ಗಂಡ. ಕೆದಕುತ್ತೇನೆ. ಯಾಕೆ ಕೆದಕಬಾರದು? ಭಾವ ಹನ್ನೊಂದು ವರ್ಷದಿಂದ ಕೆದಕುತ್ತಲೇ ಇದ್ದಾರೆ.

ಈಗ ನನ್ನದೇ ಹಳೆಯ ವ್ಯಾನಿದೆ. ಕಣ್ಣು ಮಂಜಾದ ಮೇಲೆ ಭಾವ ಡೆಂಕಣಿಕೋಟೆಗೆ ಹೋಗುವುದೂ ಅದರಲ್ಲೇ, ನನ್ನ ಪಕ್ಕದ ಸೀಟಿನಲ್ಲಿ. ಎರಡು ದಿನದಿಂದ ಅದರ ಮುಳ್ಳು ಏರುತ್ತಿದೆ. ಭಾನುವಾರ ಬೆಳಗ್ಗೆ ಅದನ್ನು ನಿನ್ನ ಮನೆ ಮುಂದೆ ತಂದು ನಿಲ್ಲಿಸುತ್ತೇನೆ, ಭಾವನನ್ನೂ ಕೂರಿಸಿಕೊಂಡೇ. ನೀನು ಬಾನೆಟ್ ಎತ್ತದಿದ್ದರೆ ಬೇಡ, ಅದು ನಿನ್ನ ಇಷ್ಟ. ಕ್ಷಮಿಸು ಎಂದು ಕೇಳುವುದಿಲ್ಲ. ಅಂದು ಕೇಳಿದ್ದನ್ನು ಅವರ ಮುಂದೆ, ಬೀದಿಯವರ ಮುಂದೆ, ಇನ್ನೊಮ್ಮೆ ಗಟ್ಟಿಯಾಗಿ ಕೇಳು.

ಹಾಕಿದ್ದೆ ಕಣಪ್ಪ, ನಾನೇ. ಮೂರು ಹಿಡಿ.