ಲೌಂಜಿನಲ್ಲಿ ದೊಡ್ಡವ್ವನ ಜಳಕ

ಹಿಂದಿನ ಜನ್ಮ, ದೈವದ ಸೂಚನೆ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಇಂಥ ಮಾತು ತೆಗೆದವರನ್ನು ಸುಮ್ಮನೆ ಬಿಟ್ಟವನೂ ಅಲ್ಲ. ಈಗಲೂ ನನ್ನ ಹಟ ಅದೇ. ಆದರೆ ಕಣ್ಣಾರೆ ಕಂಡದ್ದನ್ನು ಕಂಡಿಲ್ಲವೆನ್ನಲು ನಾನು ತಯಾರಿಲ್ಲ. ನಗುವವರು ನಗಲಿ.

ಎಪ್ಪತ್ತರ ದಶಕದ ಮಾತು. ಆಫ್ರಿಕಾದ ಒಂದು ದೇಶದಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ಬಸವನ ಬಾಗೇವಾಡಿಯ ನನ್ನ ದೊಡ್ಡವ್ವನ ಮಗಳು ಆಗಲೇ ಗಂಡನೊಂದಿಗೆ ಅಲ್ಲಿದ್ದಳು, ತುಂಬಿದ ಬಸುರಿ. ಬಾಣಂತನಕ್ಕೆಂದು ದೊಡ್ಡವ್ವ ನನ್ನ ಜೊತೆ ಹೊರಟಳು. ಬಿಜಾಪುರದ ಆಚೆ ಕಾಲಿಡದ ಹೆಂಗಸು, ಮುಂಬೈಯಲ್ಲಿ ವಿಮಾನ ಹತ್ತುವಾಗಲೂ ಹೆದರಲಿಲ್ಲ. ಕೊರಳಲ್ಲಿ ಲಿಂಗ, ಕಂಕುಳಲ್ಲಿ ಬುತ್ತಿಗಂಟು. ಅವೆರಡಿದ್ದರೆ ಆಕೆಗೆ ಸಾಕು.

ನಡುವೆ ಒಂದೂರಲ್ಲಿ ವಿಮಾನ ಬದಲಿಸಬೇಕಿತ್ತು. ನಸುಕಿನಲ್ಲಿ ಇಳಿದೆವು. ಮುಂದಿನ ವಿಮಾನ ಕೆಟ್ಟು ನಿಂತಿತ್ತು, ಮಧ್ಯಾಹ್ನ ಕಳೆದರೂ ಹೊರಡುವ ಲಕ್ಷಣವಿರಲಿಲ್ಲ. ದೊಡ್ಡವ್ವ ಜಳಕ ಮಾಡಿ ಲಿಂಗಪೂಜೆ ಮುಗಿಸದೆ ಬಾಯಿಗೆ ಹನಿ ನೀರನ್ನೂ ಹಾಕುವವಳಲ್ಲ. ಬೇಸಿನ್ನಿನಲ್ಲಿ ಮುಖ ತೊಳೆದು ಮುಗಿಸೆಂದು ಬೇಡಿಕೊಂಡೆ, ಬೈದೆ, ಕೇಳಲಿಲ್ಲ. ಹಿಂದಿನ ದಿನ ಉಂಡ ಜೀವ. ತುಟಿ ಒಣಗಿತ್ತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಮಗಳ ಮುಖ ನೋಡುವ ಮೊದಲೇ ಈ ಪರದೇಶದಲ್ಲಿ ಏನಾದರೂ ಆಗಿಬಿಟ್ಟರೆ ಎಂದು ಹೆದರಿ, ಸ್ನಾನದ ಕೋಣೆ ಎಲ್ಲಿದೆಯೆಂದು ಕಂಡಕಂಡವರನ್ನು ಕೇಳಿದೆ.

ಅಲ್ಲಿ ಮೊದಲ ದರ್ಜೆಯವರಿಗೆಂದು ಒಂದು ಲೌಂಜ್ ಇತ್ತು. ಮೆತ್ತನೆಯ ಸೋಫಾ, ಬೇಕಾದಷ್ಟು ಕಾಫಿ, ಬಿಸ್ಕೀಟು, ಓದಲು ಪೇಪರು, ಎಲ್ಲ ಪುಕ್ಕಟೆ. ಬಾಗಿಲಲ್ಲಿದ್ದ ಹೆಂಗಸು ನಮ್ಮ ಟಿಕೀಟು ನೋಡಿ ತಿರುಗಿಸಿ ಕೊಟ್ಟಳು. ಸ್ನಾನಕ್ಕೆ ಮಾತ್ರ ಬಿಡಿ ಎಂದರೆ, ಒಳಗೆ ಸ್ನಾನದ ಕೋಣೆಯೇ ಇಲ್ಲ ಎಂದಳು.

“ನಿನ್ನ ಖುರ್ಚಿ ಯಾರಿಗೆ ಬೇಕಾಗ್ಯಾವ ತಂಗಿ?” ದೊಡ್ಡವ್ವ ನಮ್ಮ ಭಾಷೆಯಲ್ಲೇ ಅವಳಿಗೆ ಕೇಳಿದಳು. “ನನಗ ನೀರ ಬೇಕು.”

“ದೊಡ್ಡವ್ವ, ಒಳಗ ಬಚ್ಚಲನ ಇಲ್ಲಂತ.”

“ಐತಿ. ಕನ್ನಡಿ ಬಾಜೂಕ, ಪರದೆ ಹಿಂದ. ಹ್ವಾದ ಸಲ ಬಂದಾಗ ಅಲ್ಲೇ ಜಳಕಾ ಮಾಡಿದ್ನೆಲ್ಲ!”

ಹಸಿವೆಗೆ ಭ್ರಮೆ ಹತ್ತಿತೆಂದುಕೊಂಡೆ. ಅಷ್ಟರಲ್ಲಿ ದೊಡ್ಡವ್ವ ಬಾಗಿಲ ಹೆಂಗಸನ್ನು ಬದಿಗೆ ಸರಿಸಿ ಒಳಗೆ ನಡೆದೇಬಿಟ್ಟಳು. ಹಿಂದೆ ಆ ಹೆಂಗಸು ಕೂಗುತ್ತ, ಅವಳ ಹಿಂದೆ ನಾನು. ಸೂಟುಬೂಟಿನವರು ಪೇಪರು ಇಳಿಸಿ ನೋಡಿದರು. ದೊಡ್ಡವ್ವ ಅತ್ತಿತ್ತ ನೋಡದೆ, ಬಾಗಿಲಿನಿಂದ ಕಾಣದ ಮೂಲೆಯೊಂದಕ್ಕೆ ತಿರುಗಿದಳು. ಅಲ್ಲಿ ಆಳೆತ್ತರದ ಕನ್ನಡಿ, ಪಕ್ಕದಲ್ಲಿ ದಪ್ಪ ಪರದೆ. ಪರದೆ ಎಳೆದಳು. ಹಿಂದೆ ಬಾಗಿಲಿತ್ತು.

ಒಳಗೆ ಮುರುಕು ಕುರ್ಚಿಗಳು, ಧೂಳು. ಅವುಗಳ ನಡುವೆ ಸ್ನಾನದ ತೊಟ್ಟಿ, ನಳ.

“ನಳಾ ತಿರುವಿ ಚೂರ ತಡೀಬೇಕು, ಸಾವಕಾಶ ಬರತೈತಿ” ಎಂದಳು ದೊಡ್ಡವ್ವ. ಹಾಗೇ ಆಯಿತು. ಮೊದಲು ತುಕ್ಕಿನ ನೀರು, ಆಮೇಲೆ ತಿಳಿನೀರು. ಬಾಗಿಲ ಹೆಂಗಸು ನಳವನ್ನು ಮುಟ್ಟಿ ನೋಡಿದಳು. ಇಷ್ಟು ವರ್ಷ ಇಲ್ಲೇ ಇದ್ದೇನೆ, ಪರದೆಯ ಹಿಂದೆ ಗೋಡೆ ಇದೆ ಎಂದೇ ತಿಳಿದಿದ್ದೆ ಎಂದಳು. ಆಮೇಲೆ ತಾನೇ ಹೋಗಿ ಟವೆಲು ತಂದಳು.

ಜಳಕ ಮುಗಿಸಿ ದೊಡ್ಡವ್ವ ಸೋಫಾದ ಪಕ್ಕ ನೆಲದ ಮೇಲೆ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದಳು. ಎಬ್ಬಿಸಲು ಬಂದ ಸೂಟಿನವನೊಬ್ಬನಿಗೆ ನಾನು ಅಡ್ಡ ನಿಂತೆ. ಏನು ಮಾಡುತ್ತೀಯೋ ಮಾಡು ಎಂದೆ. ಪೂಜೆಯಾದ ಮೇಲೆ ದೊಡ್ಡವ್ವ ಬುತ್ತಿ ಬಿಚ್ಚಿ ಖಟಕ್ ರೊಟ್ಟಿ, ಶೇಂಗಾ ಚಟ್ನಿ ತಿಂದಳು, ಆ ಹೆಂಗಸಿನ ಕೈಗೂ ಒಂದು ರೊಟ್ಟಿ ಕೊಟ್ಟಳು. ದೊಡ್ಡವ್ವನ ಮುಖಕ್ಕೆ ಕಳೆ ಬಂದದ್ದನ್ನು ನೋಡಿ ನನಗೆ ಅಳು ಬಂತು.

ಯಾರೋ ಹೇಳಿದ್ದನ್ನು ಕೇಳಿರಬಹುದು, ಚಿತ್ರ ನೋಡಿರಬಹುದು ಎಂದು ಜಾಣರು ನನಗೆ ಸಮಾಧಾನ ಹೇಳಿದ್ದಾರೆ. ಬಾಗೇವಾಡಿಯಲ್ಲಿ ಆ ಊರಿನ ಹೆಸರು ಕೇಳಿದವರೇ ಇರಲಿಲ್ಲ. ಅಲ್ಲಿದ್ದವರಿಗೇ ತಿಳಿಯದ ಬಾಗಿಲು ಯಾವ ಚಿತ್ರದಲ್ಲಿ ಬಂದೀತು? ಈ ಸಮಾಧಾನ ನನಗೆ ಬೇಡ.

ಸಂಜೆ ವಿಮಾನ ಏರಿದ ಮೇಲೆ ತಡೆಯಲಾರದೆ ಕೇಳಿದೆ, “ದೊಡ್ಡವ್ವ, ಇಲ್ಲಿಗೆ ನೀ ಯಾವಾಗ ಬಂದಿದ್ದಿ?”

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು.

“ನನ್ನ್ಯಾಕ ಕೇಳ್ತಿ ತಮ್ಮಾ? ಹ್ವಾದ ಸಲಾನೂ ಕರಕೊಂಡ ಬಂದಾವ ನೀನ ಅಲ್ಲೇನ?”

ನಾನು ಕರೆತಂದಿರಲಿಲ್ಲ. ಇದನ್ನು ಯಾರ ಎದುರಿಗೆ ಬೇಕಾದರೂ ನಿಂತು ಹೇಳುತ್ತೇನೆ. ಆಕೆಯ ಎದುರಿಗೆ ಮಾತ್ರ ಆ ದಿನ ಹೂಂ ಎಂದುಬಿಟ್ಟೆ.