ತಾಯಪ್ಪ ಬಚ್ಚಿಟ್ಟ ಕೆಮ್ಮು

ಯಾದಗಿರಿಯ ತಾಯಪ್ಪ, ಹುಸೇನಮ್ಮ ಗಂಡಹೆಂಡಿರು ಶಂಶಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ನಿಂತು ಇಪ್ಪತ್ತು ವರ್ಷ ದಾಟಿತ್ತು. ಮೇಸ್ತ್ರಿ ಹನುಮಂತರಾಯ ಕೆಲಸ ಕೊಡುತ್ತಿದ್ದುದೇ ಜೋಡಿಗೆ. ಗಂಡ ಬುಟ್ಟಿ ತುಂಬಿ ಎತ್ತಿಕೊಡಬೇಕು, ಹೆಂಡತಿ ಹೊರಬೇಕು. ಒಬ್ಬರು ಮಲಗಿದರೆ ಇಬ್ಬರ ಕೆಲಸವೂ ಹೋಯಿತು, ವಾಸಕ್ಕೆ ಕೊಟ್ಟ ತಗಡಿನ ಶೆಡ್ಡೂ ಹೋಯಿತು.

ಹೋದ ವರ್ಷ ತಾಯಪ್ಪನ ಕಾಲು ಬಾತು ಉಸಿರು ಕಟ್ಟಿತು. ಗುಂಡಿಗೆ ಸೋತಿದೆ ಎಂದು ಅಲ್ಲಿನ ಡಾಕ್ಟರು ಪ್ರಾಜಕ್ತಾ ಮೇಡಂ ಗುಳಿಗೆ ಬರೆದರು. ಬಾವು ಇಳಿಯಿತು. ಆದರೆ ಒಣಕೆಮ್ಮು ಗಂಟುಬಿತ್ತು. ಶೆಡ್ಡಿನಲ್ಲಿ ಕೆಮ್ಮಿದವನಿಗೆ ಟಿ.ಬಿ. ಎಂದೇ ಹೆಸರು, ಕೆಲಸಕ್ಕೂ ಕತ್ತರಿ! ಸಿಮೆಂಟಿನ ದೂಳಿರಬೇಕೆಂದು ಬೆಲ್ಲ ತಿಂದ, ಹೋಗಲಿಲ್ಲ. ಗುಳಿಗೆ ಬಿಟ್ಟು ನೋಡಿದ, ಕೆಲವೇ ದಿನದಲ್ಲಿ ಹೋಯಿತು. ಪುಣ್ಯಾತ್ಮ, ಬಿಟ್ಟೇ ಬಿಟ್ಟ. ಡಾಕ್ಟರು ಕೇಳಿದಾಗಲೂ, ಟಿ.ಬಿ. ಅಂದಾರೆಂಬ ಭಯಕ್ಕೆ, "ಕೆಮ್ಮಿಲ್ರೀ ಮೇಡಂ, ಗುಳಿಗಿ ನುಂಗಾಕತ್ತೀನ್ರಿ" ಎಂದು ಹಸಿಸುಳ್ಳು ಹೇಳಿದ.

ಎರಡು ತಿಂಗಳಿಗೆ ಮತ್ತೆ ಕಾಲು ಬಾತವು. ಮಲಗಿದರೆ ಉಸಿರಿಲ್ಲ, ಕೂತೇ ತೂಕಡಿಕೆ. ಹುಸೇನಮ್ಮ ಆಟೋದಲ್ಲಿ ಹೇರಿಕೊಂಡು ಹೋಗಿ ಎಲ್ಲವನ್ನೂ ಡಾಕ್ಟರ ಮುಂದೆ ಒದರಿದಳು.

ಮೂಲತಃ ಬೀದರಿನವರಾದ ಪ್ರಾಜಕ್ತಾ ಮೇಡಂ ಬೈಯಲಿಲ್ಲ. "ಗುಂಡಿಗಿ ದಣದೈತ್ರಿ ತಾಯಪ್ಪ. ರಕ್ತ ಸಾಲವಲ್ದು ಅಂತ ಕಿಡ್ನಿಗೆ ಗಾಬರಿ. ಅದಕ್ಕ ಮೈಯಾಗ ಒಂದು ರಸಾ ಹುಟ್ಟಿ, ನರಾ ಬಿಗೀರಿ, ಉಪ್ಪು ನೀರು ಹಿಡಿದಿಡ್ರಿ ಅಂತ ಹುಕುಂ ಮಾಡತೈತಿ. ದಣದ ಗುಂಡಿಗಿಗೆ ಮತ್ತಷ್ಟು ಹೊರಿ. ಆ ರಸಾ ಹುಟ್ಟಲಾರದಂಗ ತಡಿಯೋದ ಈ ಗುಳಿಗಿ. ಆದ್ರ ಕೆಲವ್ರಿಗೆ ಇದರಿಂದನ ಕೆಮ್ಮು ಬರತೈತಿ. ಹೇಳಿದ್ರ ಕೆಮ್ಮು ತರದ ಬ್ಯಾರೆ ಗುಳಿಗಿ ಕೊಡತಿದ್ದೆ. ಬಿಡಬಾರದಿತ್ರಿ."

"ಬುಟ್ಟಿ ಎತ್ತಬಹುದೇನ್ರಿ?"

"ಬ್ಯಾಡ್ರಿ. ಗುಂಡಿಗಿ ಮೊದಲಿಗಿಂತ ಸೋತೈತಿ."

ಶೆಡ್ಡಿಗೆ ಬಂದು ತಾಯಪ್ಪ ಮೇಸ್ತ್ರಿಯ ಮುಂದೆ ನಿಜ ಹೇಳಿದ. ಹನುಮಂತರಾಯ ತಲೆ ಕೆರೆದುಕೊಂಡ. "ಗಂಡ ಸತ್ತ ಗದಿಗೆಮ್ಮನೂ ಒಬ್ಬಾಕೀನ ಅದಾಳ. ಆಕಿ, ಹುಸೇನಮ್ಮ ಇಬ್ರೂ ಜೋಡಿ ಆಗ್ಲಿ. ಶೆಡ್ಡ್ಯಾಗ ನೀ ಇರು. ಇಷ್ಟಕ್ಕ ಜೀವಾ ಕಳಕೊಳ್ಳಾಕತ್ತಿದ್ದೇನೋ, ಹುಚ್ಚಪ್ಪ?"

ಡಾಕ್ಟರು ಕೊಟ್ಟ ಬೇರೆ ಗುಳಿಗೆ ನುಂಗುತ್ತ ಹದಿನೈದು ದಿನ ಕಳೆಯಿತು, ಕೆಮ್ಮಿಲ್ಲದೆ ಬಾವೂ ಇಳಿಯಿತು. ಶೆಡ್ಡಿನ ಬಾಗಿಲಲ್ಲಿ ಕೂತು ತಾಯಪ್ಪ ನೋಡುತ್ತಿದ್ದ. ಗದಿಗೆಮ್ಮ ಬುಟ್ಟಿ ಎತ್ತಿಕೊಟ್ಟಳು, ಹುಸೇನಮ್ಮ ತಲೆಯೊಡ್ಡಿದಳು. ಒಂದು ಮಾತು ಬಾಯಿಬಿಟ್ಟಿದ್ದರೆ ಆ ಬುಟ್ಟಿ ಇವತ್ತಿಗೂ ತನ್ನ ಕೈಯಲ್ಲೇ ಇರುತ್ತಿತ್ತು ಎನ್ನಿಸಿ ಅವನಿಗೆ ಅಳು ಬಂತು. ಅಳುವಷ್ಟು ಉಸಿರು ಈಗ ಇತ್ತು.